ಟ್ರೆಂಡ್ ಹಿಂಬಾಲಿಸುವ ವಹಿವಾಟು ಸಂಬಳದಾರ ಹೂಡಿಕೆದಾರರಿಗೆ ಹೊಂದುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ, ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಎಸ್‌ಐಪಿ ಮೂಲಕ ನಿಫ್ಟಿ ಇಂಡೆಕ್ಸ್ ಫಂಡ್‌ನಲ್ಲಿ (50 ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕವನ್ನೇ ಅನುಸರಿಸುವ ಫಂಡ್) ಸುಮಾರು 15 ಲಕ್ಷ ರೂಪಾಯಿ ಸೇರಿದೆ. ನನ್ನ ಸಹೋದ್ಯೋಗಿಯೊಬ್ಬರು ಷೇರಿನ ಬೆಲೆ ಮೂವಿಂಗ್ ಆವರೇಜ್‌ಗಿಂತ (ಇತ್ತೀಚಿನ ಇಂತಿಷ್ಟು ದಿನಗಳ ಬೆಲೆಯ ಸರಾಸರಿ) ಮೇಲೆ ಹೋದಾಗ ಕೊಂಡು, ಕೆಳಗಿಳಿದಾಗ ಮಾರುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಒಳ್ಳೆಯ ಲಾಭ ಬಂದಿದೆ ಎನ್ನುತ್ತಾರೆ. ನಾನೂ 10 ಲಕ್ಷವನ್ನು ಈ ವಿಧಾನಕ್ಕೆ ವರ್ಗಾಯಿಸಿ, ಅಭ್ಯಾಸವಾದ ಮೇಲೆ ನಿಫ್ಟಿ ಫ್ಯೂಚರ್ಸ್‌ನಲ್ಲೂ (ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದಗಳು) ಇದನ್ನೇ ಮಾಡಬಹುದೇ?

ಉತ್ತರ: ನಿಮ್ಮ ಸಹೋದ್ಯೋಗಿ ಅನುಸರಿಸುತ್ತಿರುವ ವಿಧಾನ ಹುಸಿಯಲ್ಲ. ಏರುತ್ತಿರುವುದನ್ನು ಕೊಂಡು, ಇಳಿಯತೊಡಗಿದಾಗ ಬಿಟ್ಟುಕೊಡುವ ಈ ಕ್ರಮಕ್ಕೆ ಮುಕ್ಕಾಲು ಶತಮಾನದ ಬಳಕೆಯೂ ಗಟ್ಟಿಯಾದ ಸಂಶೋಧನೆಯ ಆಧಾರವೂ ಇದೆ. ಆದರೂ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಲಾಭದ ನಿರೀಕ್ಷೆಯಿಂದ 10 ಲಕ್ಷವನ್ನು ಇದಕ್ಕೆ ವರ್ಗಾಯಿಸುವುದು ಬೇಡ, ಫ್ಯೂಚರ್ಸ್‌ನ ಯೋಚನೆಯನ್ನಂತೂ ಪೂರ್ತಿ ಕೈಬಿಡಿ. ಒಂದು ಬಗೆಯ ಹೂಡಿಕೆದಾರರಿಗೆ ಮಾತ್ರ, ಅದೂ ನಿಧಾನಗತಿಯ ಒಂದು ರೂಪದಲ್ಲಿ, ಇದು ಉಪಯೋಗಕ್ಕೆ ಬರುತ್ತದೆ. ನೀವು ಆ ಗುಂಪಿಗೆ ಸೇರುತ್ತೀರೋ ಇಲ್ಲವೋ ಎಂಬುದನ್ನು ನೀವೇ ನಿರ್ಧರಿಸಬಹುದು.

ಅಮೆರಿಕದಲ್ಲಿ ರಿಚರ್ಡ್ ಡಾಂಚಿಯನ್ ಅವರು 1949ರಲ್ಲಿ ಸಾರ್ವಜನಿಕರ ಹಣವನ್ನು ಒಗ್ಗೂಡಿಸಿ ಸರಕುಗಳ ಫ್ಯೂಚರ್ಸ್‌ನಲ್ಲಿ ತೊಡಗಿಸುವ ನಿಧಿಯನ್ನು ಆರಂಭಿಸಿದರು. ನಾಲ್ಕು ವಾರಗಳ ಗರಿಷ್ಠ ಬೆಲೆಯನ್ನು ದಾಟಿದರೆ ಕೊಳ್ಳಬೇಕು, ನಾಲ್ಕು ವಾರಗಳ ಕನಿಷ್ಠಕ್ಕಿಂತ ಕೆಳಗಿಳಿದರೆ ಮಾರಬೇಕು ಎಂಬ ಪ್ರಸಿದ್ಧ ನಿಯಮ ಅವರ ಹೆಸರಿನಲ್ಲೇ ಇದೆ. 1983ರಲ್ಲಿ ಷಿಕಾಗೋದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕಾರ್ಟ್ ಅವರು ಈ ಬಗೆಯ ನಿಯಮಗಳನ್ನು ಹೊಸಬರಿಗೆ ಕಲಿಸಬಹುದೇ ಎಂಬ ವಾದವನ್ನು ಇತ್ಯರ್ಥಪಡಿಸಲು ಒಂದು ತಂಡವನ್ನೇ ತರಬೇತುಗೊಳಿಸಿದರು. ಆ ತಂಡದವರ ಯಶಸ್ಸಿನ ಕಥೆಯನ್ನು ಇಂದಿಗೂ ತರಬೇತಿ ಶಿಬಿರಗಳಲ್ಲಿ ಹೇಳುತ್ತಾರೆ. ಒಂದು ವಹಿವಾಟಿನಲ್ಲಿ ಬಂಡವಾಳದ ಶೇ 2ರಷ್ಟನ್ನು ಮಾತ್ರ ಅಪಾಯಕ್ಕೆ ಒಡ್ಡುವುದು ಮತ್ತು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮಾರುಕಟ್ಟೆಗಳಲ್ಲಿ ಏಕಕಾಲಕ್ಕೆ ಇರುವುದು ಅವರ ಪದ್ಧತಿಯ ಅರ್ಧ ಭಾಗವಾಗಿತ್ತು ಎಂಬುದನ್ನು ಮಾತ್ರ ಅಲ್ಲಿ ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಮುಂದೆ 2012ರಲ್ಲಿ ಮಾಸ್ಕೊವಿಟ್ಜ್, ಊಯ್ ಮತ್ತು ಪೆಡರ್ಸನ್ ಎಂಬ ಮೂವರು ಸಂಶೋಧಕರು ಷೇರು ಸೂಚ್ಯಂಕ, ವಿದೇಶಿ ವಿನಿಮಯ, ಸರಕು ಮತ್ತು ಸರ್ಕಾರಿ ಬಾಂಡ್‌ಗಳಿಗೆ ಸೇರಿದ 58 ಫ್ಯೂಚರ್ಸ್‌ಗಳನ್ನು ಪರಿಶೀಲಿಸಿ, ಹಿಂದಿನ 12 ತಿಂಗಳಲ್ಲಿ ಏರಿದ್ದು ಇನ್ನೂ ಕೆಲವು ಕಾಲ ಏರುವ, ಇಳಿದದ್ದು ಇಳಿಯುವ ಒಲವನ್ನು ತೋರಿಸುತ್ತದೆ ಎಂದು ಕಂಡುಕೊಂಡರು. ಸುದ್ದಿ ಬೆಲೆಯೊಳಗೆ ಒಮ್ಮೆಲೇ ಇಳಿಯದೆ ನಿಧಾನವಾಗಿ ಇಳಿಯುತ್ತದೆ, ಆಮೇಲೆ ಜನ ಗುಂಪುಗಟ್ಟಿ ಹಿಂಬಾಲಿಸುತ್ತಾರೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಇಲ್ಲಿ ಗಮನಿಸಬೇಕಾದ ಸಂಖ್ಯೆ 58. ಒಂದೇ ಮಾರುಕಟ್ಟೆಯಲ್ಲಿ ಈ ಒಲವು ಬಹಳ ದುರ್ಬಲ. ವರ್ಷಗಟ್ಟಲೆ ಕಾಣಿಸದೆಯೂ ಹೋಗಬಹುದು. ಹತ್ತಾರು ಮಾರುಕಟ್ಟೆಗಳಲ್ಲಿ, ಏರಿಕೆ ಮತ್ತು ಇಳಿಕೆ ಎರಡೂ ದಿಕ್ಕಿನಲ್ಲಿ (ಇಳಿಯುವುದನ್ನು ಮೊದಲು ಮಾರಿ, ಆಮೇಲೆ ಅಗ್ಗಕ್ಕೆ ಕೊಂಡು) ತೊಡಗಿದಾಗ ಮಾತ್ರ ಸಣ್ಣ ಸಣ್ಣ ಅನುಕೂಲಗಳು ಕೂಡಿ ಒಂದು ಫಲವಾಗುತ್ತವೆ. 2008ರಲ್ಲಿ ಷೇರುಗಳು ಕುಸಿದಾಗ ಮತ್ತು 2022ರಲ್ಲಿ ಷೇರು, ಬಾಂಡ್ ಎರಡೂ ಕುಸಿದಾಗ ಇಂಥ ನಿಧಿಗಳು ಲಾಭ ಮಾಡಿದ್ದಕ್ಕೆ ಇದೇ ಕಾರಣ. 2022ರ ಲಾಭದ ದೊಡ್ಡ ಪಾಲು ಬಂದದ್ದು ಬಾಂಡ್‌ಗಳ ಇಳಿಕೆ ಮತ್ತು ಡಾಲರ್‌ನ ಏರಿಕೆಯಿಂದ. ನೀವು ಮಾಡಹೊರಟಿರುವುದರಲ್ಲಿ ಇರುವುದು ಭಾರತದ ಷೇರುಗಳು ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ. ನಮ್ಮಲ್ಲಿ ಒಳ್ಳೆಯ ದಿನಗಳಲ್ಲಿ ಎಲ್ಲ ಷೇರುಗಳೂ ಒಟ್ಟಿಗೆ ಏರುತ್ತವೆ, ಕೆಟ್ಟ ದಿನಗಳಲ್ಲಿ ಒಟ್ಟಿಗೆ ಇಳಿಯುತ್ತವೆ. ಆದ್ದರಿಂದ 20 ಕಂಪನಿಗಳ ಷೇರು ಹಿಡಿದಿರುವವರು 20 ಮಾರುಕಟ್ಟೆಗಳಲ್ಲಿದ್ದಾರೆ ಎಂದು ಭಾವಿಸುವಂತಿಲ್ಲ.

ಹಾಗಾದರೆ ಒಂದೇ ಮಾರುಕಟ್ಟೆಯಲ್ಲಿ ಈ ನಿಯಮ ಏನು ಕೊಟ್ಟಿದೆ? ತಿಂಗಳ ಕೊನೆಯ ದಿನ ನಿಫ್ಟಿ 50 ಸೂಚ್ಯಂಕವು ಆ ತಿಂಗಳೂ ಸೇರಿದಂತೆ ತನ್ನ ಕಳೆದ ಹತ್ತು ತಿಂಗಳ ಅಂತ್ಯದ ಮಟ್ಟಗಳ ಸರಾಸರಿಗಿಂತ ಮೇಲಿದ್ದರೆ ಹೂಡಿಕೆಯಲ್ಲಿರುವುದು, ಕೆಳಗಿದ್ದರೆ ಮಾರಿ ಹಣವನ್ನು ಲಿಕ್ವಿಡ್ ಫಂಡ್‌ನಲ್ಲಿ (ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ, ಕಡಿಮೆ ಅಪಾಯದ ಫಂಡ್) ಇಡುವುದು ಎಂಬ ಅತಿ ಸರಳ ನಿಯಮವನ್ನು ತೆಗೆದುಕೊಳ್ಳೋಣ. ಬಳಕೆಯಲ್ಲಿರುವ 200 ದಿನಗಳ ಸರಾಸರಿಗೆ ಇದು ಹತ್ತಿರವಾದದ್ದು, ತಿಂಗಳಿಗೊಮ್ಮೆ ನೋಡಿದರೆ ಸಾಕಾಗುವಂಥದ್ದು. ತಿಂಗಳಾಂತ್ಯದ ಮಟ್ಟಗಳನ್ನು ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಬಹುದು.

2008ರಲ್ಲಿ ಈ ನಿಯಮ ಅದ್ಭುತವಾಗಿ ಕೆಲಸ ಮಾಡಿತು. ಆ ವರ್ಷ ಮಾರ್ಚ್ ಅಂತ್ಯಕ್ಕೆ ನಿಫ್ಟಿ 4,735ರಲ್ಲಿದ್ದಾಗ ಮಾರುವ ಸೂಚನೆ ಬಂದಿತು. ಜನವರಿಯ ಶಿಖರದಿಂದ ಅಷ್ಟು ಹೊತ್ತಿಗೆ ಕಾಲು ಭಾಗ ಕರಗಿತ್ತು ನಿಜ, ಆದರೆ ಅಕ್ಟೋಬರ್ ಅಂತ್ಯಕ್ಕೆ ಸೂಚ್ಯಂಕ 2,886ಕ್ಕೆ ಕುಸಿದಾಗ ಈ ನಿಯಮದಂತೆ ನಡೆದವರ ಹಣ ಹೊರಗಿತ್ತು. ಮತ್ತೆ ಕೊಳ್ಳುವ ಸೂಚನೆ ಬಂದದ್ದು 2009ರ ಏಪ್ರಿಲ್ ಅಂತ್ಯಕ್ಕೆ, 3,474ರಲ್ಲಿ. ಲೋಕಸಭಾ ಚುನಾವಣೆಯ ಫಲಿತಾಂಶದ ನಂತರ ಮೇ 18ರಂದು ಮಾರುಕಟ್ಟೆ ಮೇಲಿನ ಸರ್ಕ್ಯೂಟ್ (ವಹಿವಾಟು ನಿಲ್ಲಿಸುವ ಏರಿಕೆಯ ಮಿತಿ) ಮುಟ್ಟಿ ಒಂದೇ ದಿನ ಸುಮಾರು ಶೇ 17ರಷ್ಟು ಏರಿದಾಗ ಅವರು ಒಳಗಿದ್ದರು. 4,735ಕ್ಕೆ ಮಾರಿ 3,474ಕ್ಕೆ ಕೊಂಡದ್ದೆಂದರೆ ಶೇ 27ರಷ್ಟು ಅಗ್ಗ. ತರಬೇತಿ ಮಾರುವವರು ತೋರಿಸುವ ಚಿತ್ರ ಸಾಮಾನ್ಯವಾಗಿ ಈ ಅವಧಿಯದೇ.

ಈಗ 2019ಕ್ಕೆ ಬನ್ನಿ. ಜುಲೈ ಅಂತ್ಯಕ್ಕೆ 11,118ರಲ್ಲಿ ಮಾರುವ ಸೂಚನೆ. ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆಯನ್ನು ಕಡಿತಗೊಳಿಸಿದ್ದೇ ಸೂಚ್ಯಂಕ ಒಂದೇ ದಿನ ಶೇ 5ಕ್ಕೂ ಹೆಚ್ಚು ಜಿಗಿಯಿತು. ತಿಂಗಳ ಅಂತ್ಯಕ್ಕೆ 11,474ರಲ್ಲಿ ಮತ್ತೆ ಕೊಳ್ಳಬೇಕಾಯಿತು. ಮಾರಿದ ಬೆಲೆಗಿಂತ ಶೇ 3ರಷ್ಟು ಹೆಚ್ಚು ತೆತ್ತು ಅದೇ ವಸ್ತುವನ್ನು ಮರಳಿ ಕೊಂಡಂತಾಯಿತು. ಕೋವಿಡ್‌ನ ಆರಂಭದಲ್ಲಿ, 2020ರ ಫೆಬ್ರುವರಿ ಅಂತ್ಯಕ್ಕೆ, 11,202ರಲ್ಲಿ ಪುನಃ ಮಾರುವ ಸೂಚನೆ ಬಂದಿತು. ಮಾರ್ಚ್ 23ರಂದು ಸೂಚ್ಯಂಕ 7,610ಕ್ಕೆ ಇಳಿದು ಮುಕ್ತಾಯವಾದಾಗ ನಿಯಮ ಎಷ್ಟು ವಿವೇಕದ್ದು ಎನಿಸಿರಬೇಕು. ಆದರೆ ಚೇತರಿಕೆಯೂ ರಭಸದಿಂದಲೇ ಬಂದಿತು. ಮರಳಿ ಕೊಳ್ಳುವ ಸೂಚನೆ ಸಿಕ್ಕಿದ್ದು ಜುಲೈ ಅಂತ್ಯಕ್ಕೆ, 11,073ರಲ್ಲಿ. ಮಾರಿದ ಬೆಲೆಗೂ ಮರಳಿ ಕೊಂಡ ಬೆಲೆಗೂ ಶೇ 1ಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸ ಅಷ್ಟೇ. 2019ರ ಜುಲೈನಿಂದ 2020ರ ಜುಲೈವರೆಗೆ ಸುಮ್ಮನೆ ಕೂತವರಿಗೆ ಸೂಚ್ಯಂಕದಲ್ಲಿ ಶೇ 0.4ರಷ್ಟು ನಷ್ಟ. ನಿಯಮ ಪಾಲಿಸಿದವರಿಗೆ ಶೇ 2.4ರಷ್ಟು ನಷ್ಟವಾದರೂ ಹೊರಗಿದ್ದ ಏಳು ತಿಂಗಳ ಲಿಕ್ವಿಡ್ ಫಂಡ್ ಆದಾಯ ಅದನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. ಹೀಗೆ ಇಬ್ಬರೂ ತಲುಪಿದ್ದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ. ಆದರೆ ಒಬ್ಬರು ತಮ್ಮ 10 ಲಕ್ಷ 7 ಲಕ್ಷಕ್ಕಿಂತ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿದರು, ಇನ್ನೊಬ್ಬರು ನೋಡಲಿಲ್ಲ.

2022ರ ಕಥೆ ಇನ್ನೂ ಪಾಠದಂಥದ್ದು. ಫೆಬ್ರುವರಿ ಅಂತ್ಯಕ್ಕೆ ನಿಫ್ಟಿ 16,794ರಲ್ಲಿ ಮುಕ್ತಾಯವಾಯಿತು. ಹತ್ತು ತಿಂಗಳ ಸರಾಸರಿ 16,796. ಬರೀ ಎರಡು ಅಂಶಗಳ ಅಂತರದಿಂದ ಮಾರುವ ಸೂಚನೆ! ಮಾರ್ಚ್ ಅಂತ್ಯಕ್ಕೆ 17,465ರಲ್ಲಿ ಮರಳಿ ಕೊಳ್ಳಬೇಕು, ಏಪ್ರಿಲ್ ಅಂತ್ಯಕ್ಕೆ 17,103ರಲ್ಲಿ, ಅಲ್ಲೂ ಇಪ್ಪತ್ತೇ ಅಂಶಗಳ ಅಂತರದಿಂದ, ಮಾರಬೇಕು, ಜುಲೈ ಅಂತ್ಯಕ್ಕೆ 17,158ರಲ್ಲಿ ಕೊಳ್ಳಬೇಕು. ಈ ಐದು ತಿಂಗಳಲ್ಲಿ ಸುಮ್ಮನಿದ್ದವರಿಗೆ ಶೇ 2ರಷ್ಟು ಲಾಭ, ನಿಯಮದಂತೆ ನಡೆದವರಿಗೆ ಶೇ 2ರಷ್ಟು ನಷ್ಟ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತೆರಿಗೆಯಲ್ಲಿ: 2020ರ ಜುಲೈನಲ್ಲಿ 11,073ಕ್ಕೆ ಕೊಂಡಿದ್ದ 10 ಲಕ್ಷದ ಹೂಡಿಕೆ ಆ ಹೊತ್ತಿಗೆ 15 ಲಕ್ಷ ದಾಟಿತ್ತು, ಎರಡು ಅಂಶಗಳ ನೆಪದಲ್ಲಿ ಅದನ್ನು ಮಾರಿದವರು, ಅಂದು ಜಾರಿಯಲ್ಲಿದ್ದ 1 ಲಕ್ಷದ ವಿನಾಯಿತಿ ಕಳೆದು ಶೇ 10ರ ದರದಲ್ಲಿ, 40 ಸಾವಿರಕ್ಕೂ ಹೆಚ್ಚು ದೀರ್ಘಾವಧಿ ಬಂಡವಾಳ ಗಳಿಕೆ ತೆರಿಗೆಯನ್ನು ಕಟ್ಟಬೇಕಾಯಿತು. ಇನ್ನೂ ಹತ್ತು ವರ್ಷ ಮುಂದೂಡಬಹುದಾಗಿದ್ದ ತೆರಿಗೆ ಅದು. ಹತ್ತರ ಬದಲು ಒಂಬತ್ತು ಅಥವಾ ಹನ್ನೆರಡು ತಿಂಗಳ ಸರಾಸರಿ ಹಿಡಿದಿದ್ದರೆ ಸೂಚನೆಗಳ ದಿನಾಂಕವೇ ಬೇರೆಯಾಗುತ್ತಿತ್ತು. ಯಾವ ಸಂಖ್ಯೆ ಸರಿ ಎಂದು ಮುಂಚಿತವಾಗಿ ಯಾರೂ ಹೇಳಲಾರರು. ಕಳೆದ ವರ್ಷಗಳಿಗೆ ಚೆನ್ನಾಗಿ ಹೊಂದಿದ ಸಂಖ್ಯೆಯನ್ನು ಆರಿಸಿ ತೋರಿಸುವುದು ಮಾತ್ರ ಎಲ್ಲರಿಗೂ ಸುಲಭ.

ಒಟ್ಟಿನಲ್ಲಿ ಒಂದು ಸೂಚ್ಯಂಕದ ಮೇಲೆ ಪ್ರಯೋಗಿಸಿದ ನಿಧಾನಗತಿಯ ಟ್ರೆಂಡ್ ನಿಯಮವು ಕೊಡುವುದು ಹೆಚ್ಚಿನ ಲಾಭವನ್ನಲ್ಲ. ದೀರ್ಘವಾದ, ಆಳವಾದ ಕುಸಿತಗಳಲ್ಲಿ ಅದು ರಕ್ಷಣೆ ನೀಡುತ್ತದೆ. ಚುರುಕಾದ ಕುಸಿತಗಳಲ್ಲಿ ನೋವನ್ನು ತಗ್ಗಿಸುತ್ತದೆ, ಹಣವನ್ನೇನೂ ಹೆಚ್ಚಿಸುವುದಿಲ್ಲ. ಮಾರುಕಟ್ಟೆ ಅತ್ತಿತ್ತ ತೂಗಾಡುವ ವರ್ಷಗಳಲ್ಲಿ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಅದನ್ನು ವಿಮೆಯಂತೆ ಕಾಣುವುದು ಉಚಿತ, ಪ್ರೀಮಿಯಂ ಬಹುತೇಕ ವರ್ಷ ಕಟ್ಟಲೇಬೇಕು.

ನಿಮ್ಮ ಸಹೋದ್ಯೋಗಿಯಂತೆ ಬಿಡಿ ಷೇರುಗಳಲ್ಲಿ, ದಿನಗಳ ಅಥವಾ ವಾರಗಳ ಲೆಕ್ಕದಲ್ಲಿ ಮಾಡುವವರಿಗೆ ಈ ಪ್ರೀಮಿಯಂ ಇನ್ನೂ ದುಬಾರಿ. 2024ರ ಜುಲೈ 23ರಿಂದ ಜಾರಿಗೆ ಬಂದ ದರದ ಪ್ರಕಾರ, ಒಂದು ವರ್ಷದೊಳಗೆ ಮಾರಿದ ಷೇರುಗಳ ಲಾಭಕ್ಕೆ ಶೇ 20ರಷ್ಟು ತೆರಿಗೆ. ವರ್ಷ ಮೀರಿದ್ದಕ್ಕೆ 1.25 ಲಕ್ಷದ ವಿನಾಯಿತಿಯ ನಂತರ ಶೇ 12.5. ಮೇಲ್ನೋಟಕ್ಕೆ ಏಳೂವರೆ ಶೇಕಡದ ವ್ಯತ್ಯಾಸವೆನಿಸಿದರೂ ಪ್ರತಿ ವರ್ಷ ತೆರಿಗೆ ಕಟ್ಟುವುದಕ್ಕೂ ಕೊನೆಗೊಮ್ಮೆ ಕಟ್ಟುವುದಕ್ಕೂ ಇರುವ ಅಂತರ ಅದಕ್ಕಿಂತ ಬಹಳ ದೊಡ್ಡದು. ವರ್ಷಕ್ಕೆ ಶೇ 12ರಂತೆ 20 ವರ್ಷ ಬೆಳೆದ 10 ಲಕ್ಷ, ಕೊನೆಯಲ್ಲಿ ಶೇ 12.5 ತೆರಿಗೆ ಕಳೆದು, ವಿನಾಯಿತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸುಮಾರು 85 ಲಕ್ಷವಾಗುತ್ತದೆ. ಅದೇ ಶೇ 12ನ್ನು ಗಳಿಸಿ ಪ್ರತಿ ವರ್ಷ ಅದರ ಮೇಲೆ ಶೇ 20 ತೆರಿಗೆ ಕಟ್ಟುತ್ತಾ ಹೋದರೆ ಕೈಗೆ ಬರುವುದು ಸುಮಾರು 62 ಲಕ್ಷ. ಸುಮ್ಮನೆ ಕೂತವರಿಗೆ ಸರಿಸಮನಾಗಲು ವಹಿವಾಟುದಾರರು ವರ್ಷಕ್ಕೆ ಶೇ 14ಕ್ಕಿಂತ ಹೆಚ್ಚು ಗಳಿಸಬೇಕು. ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1ರಂತೆ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಸ್ಟ್ಯಾಂಪ್ ಶುಲ್ಕ, ಡಿಮ್ಯಾಟ್ ಶುಲ್ಕ, ಕೇಳಿದ ಬೆಲೆಗೂ ಸಿಕ್ಕಿದ ಬೆಲೆಗೂ ಇರುವ ವ್ಯತ್ಯಾಸ ಇವೆಲ್ಲ ಇದರ ಮೇಲಿನ ಖರ್ಚು. ಗೆದ್ದ ಷೇರನ್ನು ವರ್ಷ ಮೀರಿ ಹಿಡಿಯುವವರಿಗೆ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಅಲ್ಪಾವಧಿ ನಷ್ಟವನ್ನು ಲಾಭದ ಎದುರು ಹೊಂದಿಸಿಕೊಳ್ಳುವ ಮತ್ತು ಎಂಟು ವರ್ಷ ಮುಂದಕ್ಕೆ ಒಯ್ಯುವ ಅವಕಾಶವೂ ಇದೆ.

ಬಿಡಿ ಷೇರುಗಳಲ್ಲಿ ಇನ್ನೆರಡು ಅಪಾಯಗಳಿವೆ. ಮೊದಲನೆಯದು, ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟು ಇಳಿದರೆ ಮಾರಿಬಿಡುವಂತೆ ಮೊದಲೇ ಇಟ್ಟ ಆದೇಶ) ಇದೆ ಎಂಬ ಧೈರ್ಯ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರ ತಪ್ಪೊಪ್ಪಿಗೆ ಹೊರಬಿದ್ದಾಗ, ಅಂದು ನಿಫ್ಟಿ 50ರೊಳಗೇ ಇದ್ದ ಆ ಷೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು; ಶೇ 8ರಲ್ಲಿ ನಿಲ್ಲಿಸಲು ಇಟ್ಟ ಆದೇಶ ಅಂಥ ದಿನ ಯಾವ ಬೆಲೆಗೆ ಈಡೇರುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಸಣ್ಣ ಕಂಪನಿಗಳ ಷೇರು ಕೆಳಗಿನ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡರೆ ಕೊಳ್ಳುವವರೇ ಇಲ್ಲದೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಎರಡನೆಯದು, ಹಿಂದಿನ ದತ್ತಾಂಶದ ಮೇಲೆ ನಡೆಸುವ ಪರೀಕ್ಷೆಗಳು. ಇಂದಿನ ನಿಫ್ಟಿಯ 50 ಕಂಪನಿಗಳ ಪಟ್ಟಿ ಹಿಡಿದು ಹದಿನೈದು ವರ್ಷಗಳ ಹಿಂದಿನಿಂದ ಲೆಕ್ಕ ಹಾಕಿದರೆ ಯಾವ ವಿಧಾನವೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಆ ಪಟ್ಟಿಯಲ್ಲಿ ಉಳಿದವರು ಮಾತ್ರ ಇದ್ದಾರೆ. ಯುನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಷನ್ಸ್, ಯೆಸ್ ಬ್ಯಾಂಕ್ ಇವೆಲ್ಲವೂ ಒಂದು ಕಾಲಕ್ಕೆ ನಿಫ್ಟಿಯಲ್ಲಿದ್ದವು ಎಂಬುದನ್ನು ಮರೆಯಬಾರದು.

ಮನೋಬಲದ ಪ್ರಶ್ನೆಯನ್ನು ಸಾಮಾನ್ಯವಾಗಿ ಉಪದೇಶದ ಧಾಟಿಯಲ್ಲಿ ಹೇಳುತ್ತಾರೆ. ನಾನು ಅಂಕಿಯಲ್ಲಿ ಹೇಳುತ್ತೇನೆ. ಟ್ರೆಂಡ್ ಹಿಂಬಾಲಿಸುವವರು ನೂರು ವಹಿವಾಟುಗಳಲ್ಲಿ ಮೂವತ್ತೈದು ನಲವತ್ತರಲ್ಲಿ ಮಾತ್ರ ಗೆಲ್ಲುವುದು ಅಸಹಜವಲ್ಲ. ಸಣ್ಣ ನಷ್ಟಗಳು ಹಲವು, ದೊಡ್ಡ ಲಾಭಗಳು ಕೆಲವು. ಆ ಕೆಲವೇ ಲಾಭಗಳು ಉಳಿದೆಲ್ಲವನ್ನೂ ತುಂಬಿಕೊಡಬೇಕು. ಶೇ 65ರಷ್ಟು ವಹಿವಾಟುಗಳಲ್ಲಿ ಸೋಲುವ ವಿಧಾನದಲ್ಲಿ, ನೂರು ವಹಿವಾಟುಗಳೊಳಗೆ ಸತತ ಎಂಟು ಸೋಲುಗಳು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ವಿಧಾನ ಸರಿಯಾಗಿದ್ದರೂ ಹೀಗಾಗುತ್ತದೆ ಎಂಬುದೇ ಇಲ್ಲಿನ ಕಷ್ಟ, ಏಕೆಂದರೆ ಎಂಟನೆಯ ಸೋಲಿನ ನಂತರ ವಿಧಾನ ಕೆಟ್ಟಿದೆಯೋ ಅದೃಷ್ಟ ಕೆಟ್ಟಿದೆಯೋ ಎಂದು ತಿಳಿಯಲು ದಾರಿಯಿಲ್ಲ. ಸಂಸ್ಥೆಗಳಲ್ಲಿ ಒಂಬತ್ತನೆಯ ಆದೇಶವನ್ನು ಕಂಪ್ಯೂಟರ್ ತಾನಾಗಿ ಕಳುಹಿಸುತ್ತದೆ. ಮನೆಯಲ್ಲಿ ಮಗಳ ಕಾಲೇಜು ಶುಲ್ಕದ ಹಣದಿಂದ ಅದನ್ನು ಕಳುಹಿಸಬೇಕಾದವರು ನೀವು, ಅದೂ ಕಚೇರಿಯ ಕೆಲಸದ ನಡುವೆ. ಒಂಬತ್ತನೆಯದನ್ನು ಬಿಟ್ಟುಬಿಟ್ಟು, ಅದೇ ಆ ವರ್ಷದ ದೊಡ್ಡ ಲಾಭವಾಗಿದ್ದರೆ, ಮಿಕ್ಕ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಫ್ಯೂಚರ್ಸ್ ವಿಷಯದಲ್ಲಿ ದೀರ್ಘ ಚರ್ಚೆ ಅನಗತ್ಯ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2024ರ ನಿಯಮದ ನಂತರ ಸೂಚ್ಯಂಕದ ಒಂದು ಹೊಸ ಕಾಂಟ್ರ್ಯಾಕ್ಟ್‌ನ (ಒಂದು ಲಾಟ್‌ನ) ಮೌಲ್ಯ ಕನಿಷ್ಠ 15 ಲಕ್ಷ. ನಿಮ್ಮ ಬಂಡವಾಳ 10 ಲಕ್ಷ. ಡೆನಿಸ್ ತಂಡದ ಶೇ 2ರ ಮಿತಿಯಂತೆ ಒಂದು ವಹಿವಾಟಿನಲ್ಲಿ ನೀವು ಕಳೆದುಕೊಳ್ಳಬಹುದಾದದ್ದು 20 ಸಾವಿರ. ಟ್ರೆಂಡ್‌ಗೆ ಉಸಿರಾಡಲು ಜಾಗ ಕೊಟ್ಟು ಶೇ 5ರಷ್ಟು ದೂರದಲ್ಲಿ ಸ್ಟಾಪ್‌ಲಾಸ್ ಇಟ್ಟರೆ ಒಂದೇ ಲಾಟ್‌ನಲ್ಲಿ 75 ಸಾವಿರ ಹೋಗುತ್ತದೆ. 20 ಸಾವಿರಕ್ಕೆ ಮಿತಿಗೊಳಿಸಬೇಕಾದರೆ ಸ್ಟಾಪ್‌ಲಾಸ್ ಶೇ 1.3ರಷ್ಟು ದೂರದಲ್ಲಿರಬೇಕು, ಅಷ್ಟು ಏರಿಳಿತಕ್ಕೆ ನಿಫ್ಟಿಗೆ ಒಂದು ದಿನ ಸಾಕು. ಒಂದೇ ಮಾರುಕಟ್ಟೆಯಲ್ಲಿ ಒಂದೇ ಲಾಟ್ ಇಟ್ಟುಕೊಳ್ಳಲು ಶಿಸ್ತಿನ ಪ್ರಕಾರ 37 ಲಕ್ಷಕ್ಕೂ ಹೆಚ್ಚು ಬಂಡವಾಳ ಬೇಕು. ಮಾರ್ಜಿನ್ (ಮುಂಗಡ ಠೇವಣಿ) ಕಡಿಮೆ ಸಾಕೆಂದು ಬ್ರೋಕರ್‌ನ ಆ್ಯಪ್ ತೋರಿಸುವುದು ಬೇರೆ ಲೆಕ್ಕ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ಶೇ 93ರಷ್ಟು ಜನ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದಾರೆ, ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ಕೇವಲ ಶೇ 1 ಎಂದು ಸೆಬಿಯ ಅಧ್ಯಯನ ಹೇಳಿದೆ. 2024–25ರಲ್ಲೂ ನಷ್ಟ ಮಾಡಿಕೊಂಡವರು ಶೇ 91. ಇವರೆಲ್ಲರೂ ಟ್ರೆಂಡ್ ಹಿಂಬಾಲಿಸಿದವರೆಂದು ನಾನು ಹೇಳುತ್ತಿಲ್ಲ, ಆದರೆ ನೀವು ಕಾಲಿಡಹೊರಟಿರುವ ಅಂಗಳ ಅದು.

ಇನ್ನು ಇದು ಹೊಂದುವುದು ಯಾರಿಗೆ? 2020ರ ಮಾರ್ಚ್‌ನಲ್ಲಿ ನೀವು ಏನು ಮಾಡಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಎಸ್‌ಐಪಿ ನಿಲ್ಲಿಸದೆ ಮುಂದುವರಿಸಿದ್ದರೆ ನಿಮಗೆ ಈ ನಿಯಮದ ಅಗತ್ಯವೇ ಇಲ್ಲ. ಏನೂ ಮಾಡದಿರುವ ಶಿಸ್ತು ನಿಮ್ಮಲ್ಲಿ ಆಗಲೇ ಇದೆ, ಅದು ತೆರಿಗೆಯಿಲ್ಲದ ಶಿಸ್ತು. ಹೆದರಿ ಮಾರಿ, ಸೂಚ್ಯಂಕ 12,000 ದಾಟಿದ ಮೇಲೆ ಮರಳಿ ಬಂದವರಾಗಿದ್ದರೆ, ಅಥವಾ ನಿವೃತ್ತಿ ಹತ್ತಿರವಾಗಿ ಇನ್ನೊಂದು 2008ನ್ನು ತಾಳಿಕೊಳ್ಳಲಾರೆ ಎನಿಸಿದರೆ, ತಿಂಗಳಿಗೊಮ್ಮೆ ನೋಡುವ ನಿಯಮವೊಂದು ಉಪಕಾರ ಮಾಡಬಲ್ಲದು. ಏಕೆಂದರೆ ಅಂಥವರು ಹೋಲಿಸಿ ನೋಡಬೇಕಾದದ್ದು ನಿಯಮವನ್ನು ಮತ್ತು ಕದಲದೆ ಕೂತ ಆದರ್ಶ ಹೂಡಿಕೆದಾರರನ್ನಲ್ಲ, ನಿಯಮವನ್ನು ಮತ್ತು ತಮ್ಮ ಗಾಬರಿಯನ್ನು. ಗಾಬರಿಗೆ ಮಾರುವ ದಿನ ಗೊತ್ತು, ಮರಳಿ ಕೊಳ್ಳುವ ದಿನ ಗೊತ್ತಿಲ್ಲ. ನಿಯಮಕ್ಕೆ ಎರಡೂ ಗೊತ್ತು.

ಪ್ರಯತ್ನಿಸಲೇಬೇಕೆಂದಿದ್ದರೆ, ಈಗಿರುವ 15 ಲಕ್ಷವನ್ನು ಮುಟ್ಟಬೇಡಿ. ಅದರಿಂದ 10 ಲಕ್ಷ ತೆಗೆದರೆ ಮೊದಲ ದಿನವೇ ಕೂಡಿದ ಲಾಭದ ಮೇಲೆ ತೆರಿಗೆ ಬೀಳುತ್ತದೆ. ಮುಂದಿನ ಉಳಿತಾಯದ ಒಂದು ಸಣ್ಣ ಪಾಲನ್ನು ಮಾತ್ರ, ಬಿಡಿ ಷೇರುಗಳ ಬದಲು ಒಂದು ಸೂಚ್ಯಂಕದ ಇಟಿಎಫ್‌ನಲ್ಲಿ (ಷೇರಿನಂತೆ ಮಾರುಕಟ್ಟೆಯಲ್ಲೇ ಕೊಂಡು ಮಾರಬಹುದಾದ ಫಂಡ್) ತೊಡಗಿಸಿ. ಇಟಿಎಫ್ ಮಾರುವಾಗಿನ ಎಸ್‌ಟಿಟಿ ಶೇ 0.001 ಮಾತ್ರ. ಎಷ್ಟು ತಿಂಗಳ ಸರಾಸರಿ, ಯಾವ ದಿನ ನೋಡುವುದು, ಹೊರಗಿದ್ದಾಗ ಹಣ ಎಲ್ಲಿಡುವುದು ಎಂಬುದನ್ನು ಮೊದಲೇ ಬರೆದಿಟ್ಟು, ಐದು ವರ್ಷ ಆ ಸಂಖ್ಯೆಯನ್ನು ಬದಲಿಸಬೇಡಿ. ಲಿಕ್ವಿಡ್ ಫಂಡ್‌ನ ಆದಾಯಕ್ಕೆ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತೆರಿಗೆಯ ಈ ತೊಡಕನ್ನು ತಪ್ಪಿಸುವ ದಾರಿಯೊಂದಿದೆ. ಮ್ಯೂಚುವಲ್ ಫಂಡ್ ತನ್ನೊಳಗೆ ಷೇರುಗಳನ್ನು ಕೊಂಡು ಮಾರಿದಾಗ ಬಂಡವಾಳ ಗಳಿಕೆ ತೆರಿಗೆ ಇಲ್ಲ. ನೀವು ಯೂನಿಟ್ ಮಾರಿದಾಗ ಮಾತ್ರ ಕಟ್ಟಬೇಕು. 6 ಮತ್ತು 12 ತಿಂಗಳಲ್ಲಿ ಹೆಚ್ಚು ಏರಿದ 30 ಷೇರುಗಳನ್ನು, ಅವುಗಳ ಏರಿಳಿತವನ್ನೂ ಗಣನೆಗೆ ತೆಗೆದುಕೊಂಡು ಆರಿಸುವ, ವರ್ಷಕ್ಕೆ ಎರಡು ಬಾರಿ ಪಟ್ಟಿ ಬದಲಿಸುವ ನಿಫ್ಟಿ200 ಮೊಮೆಂಟಮ್ 30 ಸೂಚ್ಯಂಕದ ಫಂಡ್‌ಗಳು ಈಗ ಸಿಗುತ್ತವೆ. ಸಹೋದ್ಯೋಗಿ ಕೈಯಾರೆ ಮಾಡುತ್ತಿರುವ ಆಯ್ಕೆಯನ್ನು ಅವು ಕಡಿಮೆ ಖರ್ಚಿನಲ್ಲಿ ಮಾಡುತ್ತವೆ. ಆದರೆ ಅವು ಯಾವಾಗಲೂ ಪೂರ್ತಿ ಷೇರುಗಳಲ್ಲೇ ಇರುತ್ತವೆ. ಮಾರುಕಟ್ಟೆ ಕುಸಿದಾಗ ಹೊರಬರುವುದಿಲ್ಲ, ಕೆಲವೊಮ್ಮೆ ನಿಫ್ಟಿಗಿಂತ ಹೆಚ್ಚೇ ಇಳಿಯುತ್ತವೆ. ಆದ್ದರಿಂದ ಇದನ್ನು ರಕ್ಷಣೆಯೆಂದು ಭಾವಿಸದೆ, ಬೇಕಿದ್ದರೆ ಒಟ್ಟು ಹೂಡಿಕೆಯ ಹತ್ತನೆಯ ಒಂದು ಪಾಲಿಗೆ ಸೀಮಿತಗೊಳಿಸಿ.

ಕೊನೆಯದಾಗಿ ನಿಮ್ಮ ಸಹೋದ್ಯೋಗಿಯ ಲಾಭದ ಬಗ್ಗೆ. 2020ರ ಮಾರ್ಚ್ 23ರ 7,610ರಿಂದ 2024ರ ಸೆಪ್ಟೆಂಬರ್ 26ರ 26,216ರವರೆಗೆ ನಿಫ್ಟಿ ಸುಮಾರು ಮೂರೂವರೆ ಪಟ್ಟಾಯಿತು. ಆ ಅವಧಿಯಲ್ಲಿ ಕೊಳ್ಳುವ ಯಾವ ವಿಧಾನವೂ ಲಾಭ ತೋರಿಸುತ್ತಿತ್ತು. ಅವರು ಲಾಭ ಮಾಡಿದ್ದು ನಿಜವಿರಬಹುದು, ಅದು ವಿಧಾನದಿಂದ ಬಂದದ್ದೇ ಎಂದು ತಿಳಿಯಬೇಕಾದರೆ ಬ್ರೋಕರ್ ಪ್ರತಿ ಆರ್ಥಿಕ ವರ್ಷಕ್ಕೆ ಕೊಡುವ ತೆರಿಗೆ ಲಾಭ-ನಷ್ಟ ವಿವರ ಪಟ್ಟಿಗಳನ್ನು ಎಲ್ಲ ವರ್ಷಗಳಿಗೂ ನೋಡಿ, ಅವರು ಹಣ ಹಾಕಿದ ಅದೇ ದಿನಾಂಕಗಳಲ್ಲಿ ಅಷ್ಟೇ ಮೊತ್ತವನ್ನು ನಿಮ್ಮ ಇಂಡೆಕ್ಸ್ ಫಂಡ್‌ಗೆ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು ಎಕ್ಸ್‌ಐಆರ್‌ಆರ್ (ಬೇರೆ ಬೇರೆ ದಿನ ಹಾಕಿದ ಹಣದ ವಾರ್ಷಿಕ ಗಳಿಕೆ ದರ) ವಿಧಾನದಲ್ಲಿ ಹೋಲಿಸಬೇಕು. ಒಂದು ಭಾನುವಾರದ ಮಧ್ಯಾಹ್ನದ ಕೆಲಸ ಇದು, ಅವರು ಒಪ್ಪಿದರೆ ಇಬ್ಬರೂ ಕೂತು ಮಾಡಬಹುದು.